ಒಂದು ಲೆಕ್ಕಕ್ಕೆ ಒಂದೇ ತಪ್ಪು

ಯಜಮಾನರು ಪ್ರತಿ ಲೆಕ್ಕದಲ್ಲೂ ಬೇಕೆಂದೇ ಒಂದು ತಪ್ಪು ಹುದುಗಿಸಿಡುತ್ತಿದ್ದರು. ಉಕ್ಕಿನ ತೊಲೆಯಾಗಲಿ, ಕಂಬವಾಗಲಿ, ನೀರಿನ ಟ್ಯಾಂಕಿನ ಕಾಲಾಗಲಿ, ಆ ಆಫೀಸಿನಲ್ಲಿ ಮೊದಲ ಲೆಕ್ಕ ಅವರದೇ. ಅದರ ಎರಡು ಪ್ರತಿ ಮಾಡಿಸಿ ಒಂದನ್ನು ಮಗಳಿಗೂ ಇನ್ನೊಂದನ್ನು ಅಳಿಯನಿಗೂ ಕೊಡುತ್ತಿದ್ದರು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು, ಒಬ್ಬರನ್ನೊಬ್ಬರು ಕೇಳದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ತಪ್ಪನ್ನು ಹುಡುಕಬೇಕು. ಹಿಡಿದವರಿಗೆ ಒಂದು ‘ಹೂಂ’ ಸಿಗುತ್ತಿತ್ತು. ಹಿಡಿಯದವರಿಗೆ ಸಂಜೆ ಟೀ ಹೊತ್ತಿಗೆ, ಇಡೀ ಆಫೀಸಿನ ಎದುರಿಗೆ, ಮಂಗಳಾರತಿ.

ಆಟ ಶುರುವಾದದ್ದು ಒಳ್ಳೆಯ ಕಾರಣಕ್ಕೇ. ಪರಿಶೀಲನೆ ಎಂದರೆ ತೂಕಡಿಸುತ್ತ ಟಿಕ್ ಹಾಕುವುದು ಎಂದಾಗಬಾರದು ಅಂತ. ಆದರೆ ಇನ್ನೊಬ್ಬರು ಎಡವುವುದನ್ನು ನೋಡುವ ರುಚಿ ಒಮ್ಮೆ ಹತ್ತಿದ ಮೇಲೆ ಒಳ್ಳೆಯ ಕಾರಣ ಯಾರಿಗೆ ನೆನಪಿರುತ್ತದೆ? ಟೀ ಹೊತ್ತಿನ ನಗುವಿಗಾಗಿಯೇ ಯಜಮಾನರು ತಪ್ಪುಗಳನ್ನು ಹೆಣೆಯತೊಡಗಿದ್ದರು.

ಆಟಕ್ಕೊಂದು ನಿಯಮವಿತ್ತು. ಒಂದು ಲೆಕ್ಕಕ್ಕೆ ಒಂದೇ ತಪ್ಪು. ಅದು ಸಿಕ್ಕಿತೋ, ಪೆನ್ನು ಕೆಳಗಿಡಬಹುದು. ಉಳಿದದ್ದೆಲ್ಲ ಯಜಮಾನರ ಲೆಕ್ಕ, ಅಂದಮೇಲೆ ಸರಿಯಾಗಿಯೇ ಇರುತ್ತದೆ. ಇಂಥ ಪೆದ್ದು ನಿಯಮವನ್ನು ಪಾಲಿಸಬೇಕಾದರೆ ಬಹಳ ಓದಿರಬೇಕು. ಅವರೆಲ್ಲ ಬಹಳ ಓದಿದ್ದರು.

ಇನ್ನೊಂದು ಪದ್ಧತಿಯೂ ಇತ್ತು. ನಕ್ಷೆಗೆ ಸಹಿ ಹಾಕಿದವರು, ಕಟ್ಟಿದ್ದರ ಮೇಲೆ ಮೊದಲ ಸಲ ಭಾರ ಹೇರುವಾಗ ಅದರ ಅಡಿಯಲ್ಲಿ ಹೋಗಿ ನಿಲ್ಲಬೇಕು. ಯಜಮಾನರು ಪ್ರಾಯದಲ್ಲಿ ಹಾಗೆ ನಿಂತು ನಿಂತೇ ಹೆಸರು ಮಾಡಿದ್ದರು. ಗಿರಾಕಿಗಳಿಗೆ ಅದು ಹುಚ್ಚಾಟವೆಂದು ಕಂಡರೂ ಇಷ್ಟವಾಗುತ್ತಿತ್ತು. ಈಚೆಗೆ ಕಣ್ಣಿಗೆ ಪೊರೆ ಬಂದು, ಸಣ್ಣ ಅಂಕಿಗಳು ಒಂದರ ಮೇಲೊಂದು ಹತ್ತಿ ಕೂತಂತೆ ಕಾಣತೊಡಗಿದ ಮೇಲೆ, ಸಹಿಯ ಹಕ್ಕನ್ನು ಬಿಟ್ಟುಕೊಡುವುದಾಗಿ ಅವರು ಸಾರಿದರು. ಆಗಷ್ಟೇ ಕೈಗೆ ಬಂದಿದ್ದ ಒಂದು ಸಾಬೂನು ಕಾರ್ಖಾನೆಯ ಕೆಲಸದಲ್ಲಿ ತಪ್ಪು ಹಿಡಿದವರದೇ ಮುಂದಿನ ಸಹಿ, ಆ ಕೆಲಸಕ್ಕೂ ಇನ್ನು ಬರುವ ಎಲ್ಲ ಕೆಲಸಕ್ಕೂ.

ಮಗಳಿಗೆ ಆ ಸಹಿ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಹಳೆಯ ನಕ್ಷೆಗಳ ಹಿಂಬದಿಯಲ್ಲಿ ತನ್ನ ಸಹಿ ಹಾಕಿ ನೋಡಿ ಆಮೇಲೆ ಅಳಿಸುತ್ತಿದ್ದಳು. ಅವಳು ತಿದ್ದಿದ ಲೆಕ್ಕದ ಮೇಲೆ ನಿಂತ ಕಟ್ಟಡಗಳು ಊರ ತುಂಬ ಇದ್ದವು, ಅವಳ ಹೆಸರು ಮಾತ್ರ ಒಂದು ನಕ್ಷೆಯ ಮೂಲೆಯಲ್ಲೂ ಇರಲಿಲ್ಲ. ಕಿವಿಯ ಮೇಲಿನ ಕೂದಲು ಬೆಳ್ಳಗಾಗಿದ್ದರೂ ಆಫೀಸಿನಲ್ಲಿ ಅವಳು ‘ಪುಟ್ಟಿ’ಯೇ. ಅಪ್ಪ ಕರೆದದ್ದನ್ನು ಡ್ರಾಫ್ಟ್ಸ್‌ಮನ್ ಹಿಡಿದ, ಡ್ರಾಫ್ಟ್ಸ್‌ಮನ್‌ನಿಂದ ಟೈಪಿಸ್ಟ್ ಹಿಡಿದಳು, ಕೊನೆಗೆ ಗಿರಾಕಿಗಳೂ ಫೋನು ಮಾಡಿ ಪುಟ್ಟಿ ಮೇಡಂ ಇದ್ದಾರಾ ಎಂದು ಕೇಳುವಂತಾಯಿತು.

ಅಳಿಯ ಈ ಆಫೀಸಿಗೆ ಕೆಲಸಕ್ಕೆಂದು ಬಂದವನು, ಯಜಮಾನರ ಮನಸ್ಸಿಗೆ ಹಿಡಿಸಿ ಅಳಿಯನಾದವನು. ಕೆಟ್ಟವನೇನಲ್ಲ. ಶಿಳ್ಳೆ ಹಾಕಿಕೊಂಡು ಮೆಟ್ಟಿಲು ಹತ್ತುವವನು, ಹೆಂಡತಿಗೆ ತಲೆನೋವೆಂದರೆ ಹೇಳಿಸಿಕೊಳ್ಳದೆ ಪಾತ್ರೆ ತೊಳೆದಿಡುವವನು. ಆದರೆ ಮಾವ ನಕ್ಕರೆ ಅವನಿಗೂ ನಗು ಬಂದುಬಿಡುತ್ತಿತ್ತು. ಯಾರನ್ನು ನೋಡಿ ನಗುತ್ತಿದ್ದೇವೆ ಎಂಬುದನ್ನು ಆಮೇಲೆ ನೋಡುತ್ತಿದ್ದ.

ಕೆಲಸ ದೊಡ್ಡದೇನಲ್ಲ. ಸಾಬೂನು ಕುದಿಯುವ ಬಾಣಲೆಗಳ ಸಾಲಿನ ಮೇಲೆ, ಗೋಡೆಯಿಂದ ಗೋಡೆಗೆ, ಆಳು ಓಡಾಡುವಂಥ ಒಂದು ಉಕ್ಕಿನ ಸೇತುವೆ. ಉದ್ದಕ್ಕೆ ಎರಡು ಚಾನೆಲ್ ತೊಲೆ, ಮೇಲೆ ಹಾಸಿದ ಕಬ್ಬಿಣದ ಪ್ಲೇಟು. ಚಾನೆಲ್ ಎಂದರೆ ಒಂದು ಪಕ್ಕ ತೆರೆದೇ ಇರುವ ಉದ್ದನೆಯ ಪೆಟ್ಟಿಗೆಯಂಥದ್ದು: ಮೇಲೊಂದು ಅಂಚು, ಕೆಳಗೊಂದು ಅಂಚು, ನಡುವೆ ಒಂದೇ ಗೋಡೆ. ಭಾರ ಬಿದ್ದಾಗ ಮೇಲಿನ ಅಂಚು ಹಿಸುಕಿಸಿಕೊಳ್ಳುತ್ತದೆ. ಉದ್ದನೆಯ ತೆಳು ಸ್ಕೇಲನ್ನು ಎರಡು ಅಂಗೈ ನಡುವೆ ಇಟ್ಟು ಒತ್ತಿದರೆ ಪಕ್ಕಕ್ಕೆ ಚಿಮ್ಮುತ್ತದಲ್ಲ, ಆ ಅಂಚಿಗೂ ಅದೇ ಚಪಲ. ಅದನ್ನು ಉದ್ದಕ್ಕೂ ಯಾವುದಾದರೂ ಬಿಗಿಯಾಗಿ ಹಿಡಿದುಕೊಂಡಿದ್ದರೆ ಬಾಗುವ ಒತ್ತಡವನ್ನು ಪೂರ್ತಿ ಮಟ್ಟಕ್ಕೆ ಬಿಡಬಹುದು. ಹಿಡಿತವಿಲ್ಲದಿದ್ದರೆ ಉದ್ದ ಹೆಚ್ಚಿದಷ್ಟೂ ಆ ಮಟ್ಟವನ್ನು ಇಳಿಸುತ್ತಾ ಬರಬೇಕು. ಎಷ್ಟರವರೆಗೆ ಬಿಡಬಹುದು ಎನ್ನುವ ಆ ಅಂಕಿಗೆ ಆಫೀಸಿನಲ್ಲಿ ‘ಅಲೋವಬಲ್’ ಎನ್ನುತ್ತಿದ್ದರು. ತೊಲೆಯ ಲೆಕ್ಕದಲ್ಲಿ ಉಳಿದದ್ದೆಲ್ಲ ಬರೀ ಗುಣಾಕಾರ, ಭಾಗಾಕಾರ. ಬುದ್ಧಿ ಬೇಕಾಗುವುದು ಅಲೋವಬಲ್ ನಿರ್ಧರಿಸುವಾಗಲೇ.

ಯಜಮಾನರು ಪೂರ್ತಿ ಮಟ್ಟ ಹಿಡಿದಿದ್ದರು. ಮೇಲಿನ ಅಂಚನ್ನು ಪ್ಲೇಟು ಹಿಡಿದುಕೊಂಡಿದೆ ಎಂದು ಪಕ್ಕದಲ್ಲಿ ಬರೆದಿದ್ದರು. ಮಗಳು ನಕ್ಷೆ ಬಿಡಿಸಿ ನೋಡಿದಳು. ಕೆಳಗಿನ ಕೊಳವೆಗಳನ್ನು ತೊಳೆಯಲು ಅನುಕೂಲವಾಗಲೆಂದು ಪ್ಲೇಟುಗಳನ್ನು ಎತ್ತಿ ತೆಗೆಯುವಂತಿರಬೇಕು ಎಂದು ಕಾರ್ಖಾನೆಯವರು ಕೇಳಿದ್ದರು. ಹಾಗಾಗಿ ಅವಕ್ಕೆ ವೆಲ್ಡಿಂಗ್ ಇಲ್ಲ, ಬೋಲ್ಟಿಲ್ಲ, ಸುಮ್ಮನೆ ಮೇಲೆ ಕೂತಿರುತ್ತವೆ. ಹಿಡಿಯುವುದೆಲ್ಲಿಂದ ಬಂತು? ಹಿಡಿತವಿಲ್ಲವೆಂದು ಲೆಕ್ಕ ಹಾಕಿದರೆ ಅಲೋವಬಲ್ ಅರ್ಧಕ್ಕಿಂತ ಕೆಳಗೆ ಇಳಿಯಿತು. ಅಪ್ಪ ಇಷ್ಟು ಸೊಗಸಾದ ತಪ್ಪನ್ನು ಇದುವರೆಗೆ ಇಟ್ಟಿರಲಿಲ್ಲ. ಕೆಂಪು ಶಾಯಿಯಲ್ಲಿ ಪೂರ್ತಿ ಬರೆದು, ತನಗೊಂದು ನಕಲು ಇಟ್ಟುಕೊಂಡು, ಪೆನ್ನು ಕೆಳಗಿಟ್ಟಳು. ಒಂದು ಲೆಕ್ಕಕ್ಕೆ ಒಂದೇ ತಪ್ಪು ತಾನೆ.

ಸಂಜೆ ಯಜಮಾನರು ಮೊದಲು ಅಳಿಯನ ಕಾಗದ ತೆಗೆದುಕೊಂಡರು. ಉಕ್ಕಿನ ಕೋಷ್ಟಕದಲ್ಲಿ ಒಂದು ಸಾಲು ಕೆಳಗಿನ ಅಂಕಿಯನ್ನು ಎತ್ತಿ ಬರೆದಿದ್ದಾರೆ, ಅದನ್ನು ಸರಿಪಡಿಸಿದರೆ ಚಾನೆಲ್ ಒಂದು ಅಳತೆ ದೊಡ್ಡದಾಗಬೇಕು ಎಂದು ಅವನು ಬರೆದಿದ್ದ. ಯಜಮಾನರು ಹೂಂ ಅಂದರು. ಅವಳಿಗೆ ನಿಂತ ನೆಲ ಜಾರಿದಂತಾಯಿತು. ಅವರು ಇಟ್ಟ ತಪ್ಪು ಅದು! ಹಾಗಾದರೆ ತಾನು ಹಿಡಿದದ್ದು?

ಆಮೇಲೆ ಅವಳ ಕಾಗದ. ಓದುತ್ತ ಓದುತ್ತ ಅವರ ಕೈಯ ಲೋಟ ಅರ್ಧದಲ್ಲೇ ನಿಂತಿತು. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು, ಹಾಗಾಗಿ ಎಲ್ಲ ಕಂಡಿತು. ಮೆಟ್ಟಿಲು ಇದೆಯೆಂದು ಕಾಲಿಟ್ಟು ಇಲ್ಲವಾದಾಗ ಆಗುವ ಗಾಬರಿ ಆ ಮುಖದಲ್ಲಿತ್ತು. ಇದನ್ನು ಅವರು ಇಟ್ಟಿರಲಿಲ್ಲ. ಇದು ನಿಜವಾದ ತಪ್ಪು, ಅವರದೇ ತಪ್ಪು, ಇಷ್ಟು ವರ್ಷಗಳಲ್ಲಿ ಅವಳು ಕಂಡ ಮೊದಲನೆಯದು. ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸುತ್ತ ಇಡೀ ಆಫೀಸು ಟೀ ಲೋಟ ಹಿಡಿದು, ನಗಲು ಸಿದ್ಧವಾಗಿ ಕಾದಿತ್ತು.

“ಪ್ಲೇಟು ಮೇಲೆ ಕೂತಿದ್ರೆ ಹಿಡಿದ ಹಾಗೇ ಪುಟ್ಟಿ. ಜಾಸ್ತಿ ಓದಿದೀಯ ನೀನು, ಅದೇ ತೊಂದರೆ,” ಎಂದರು ಯಜಮಾನರು.

ಎಲ್ಲರೂ ನಕ್ಕರು. ಅಳಿಯನೂ ನಕ್ಕ. ಅಪ್ಪ, ಪ್ಲೇಟು ಎಂದು ಅವಳು ಶುರುಮಾಡಿದ್ದು ಆ ನಗುವಿನಲ್ಲೇ ಮುಳುಗಿತು. ಸೋತವರ ಕಾಗದವನ್ನು ನೋಟೀಸ್ ಬೋರ್ಡಿಗೆ ಚುಚ್ಚುವುದು ವಾಡಿಕೆ. ಅವಳದನ್ನು ಯಜಮಾನರು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿಗೆ ಸೇರಿಸಿದರು. ಅದೊಂದರಿಂದಲೇ ಅವಳಿಗೆ ಖಾತ್ರಿಯಾಯಿತು: ಅಪ್ಪನಿಗೆ ಗೊತ್ತಾಗಿದೆ.

ಮನೆಯಲ್ಲಿ ಅಳಿಯ ತನ್ನ ತಾಯಿಗೆ ಸುದ್ದಿ ಹೇಳಿದ. ಅತ್ತೆಗೆ ಮಗ ಇನ್ನು ಮೇಲೆ ಸಹಿ ಹಾಕುವ ಇಂಜಿನಿಯರು ಎಂದು ಹಿಗ್ಗೋ ಹಿಗ್ಗು. ಅವನು ಉತ್ಸಾಹದಲ್ಲಿ ಹೆಂಡತಿಯ ದನಿ ಅನುಕರಿಸಿ, ಅಪ್ಪ ಪ್ಲೇಟು, ಅಪ್ಪ ಪ್ಲೇಟು ಎಂದು ತೋರಿಸಿದ. ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ಅವಳಿಗೆ ಮೈಯೆಲ್ಲ ಉರಿಯಿತು. ಅಪ್ಪನ ಮೇಲೆ ಸಿಟ್ಟು ಮಾಡುವುದು ಅವಳಿಗೆ ಎಂದೂ ಬಂದಿರಲಿಲ್ಲ, ಹಾಗಾಗಿ ಬಂದ ಸಿಟ್ಟೆಲ್ಲ ಕೈಗೆ ಸಿಕ್ಕ ಗಂಡನ ಮೇಲೆ ಹೋಗಿ ಕೂತಿತು.

ದೊಡ್ಡ ಅಳತೆಯ ಚಾನೆಲ್ ಇಟ್ಟುಕೊಂಡು ಅವಳು ಮತ್ತೆ ಲೆಕ್ಕ ಹಾಕಿದಳು. ಆಗಲೂ ಸಾಲದು, ಬೀಳುವ ಒತ್ತಡ ಅಲೋವಬಲ್‌ನ ಎರಡರಷ್ಟು. ಚಾನೆಲ್ ತರಿಸಿ, ಕೊಯ್ದು, ಮೇಲೇರಿಸಿ ಕೂರಿಸುವ ತನಕ ವಾರಗಟ್ಟಲೆ ಸಮಯವಿತ್ತು. ಪ್ಲೇಟಿಗೆ ನಾಲ್ಕಾರು ಬೋಲ್ಟು ಹಾಕಿಸಿದ್ದರೆ ಅಷ್ಟರಲ್ಲೇ ಕಥೆ ಮುಗಿಯುತ್ತಿತ್ತು. ಒಂದು ಮಾತು ಸಾಕಿತ್ತು. ಅವಳು ಆಡಲಿಲ್ಲ, ಏಕೆಂದರೆ ಅವಳ ತಲೆಯಲ್ಲಿ ಬೇರೊಂದು ಚಿತ್ರ ಮೂಡಿತ್ತು.

ಅಲೋವಬಲ್ ಎಂದರೆ ಮುರಿಯುವ ಅಂಚಲ್ಲ, ಅಂಚಿಗಿಂತ ಸಾಕಷ್ಟು ಹಿಂದೆ ಎಳೆದ ಗೆರೆ. ಗೆರೆ ದಾಟಿದ ಕೂಡಲೇ ತೊಲೆ ಬೀಳುವುದಿಲ್ಲ. ಉಕ್ಕು ಮೊದಲು ಬಾಗುತ್ತದೆ, ನೋಡಿದವರಿಗೆ ಕಾಣುವಷ್ಟು ಬಾಗುತ್ತದೆ, ಓಡಿಹೋಗಲು ಪುರುಸೊತ್ತು ಕೊಡುತ್ತದೆ. ಆ ಆಫೀಸಿನಲ್ಲಿ ಎಲ್ಲರೂ ನಂಬಿದ್ದೇ ಅದನ್ನು. ಅರ್ಧ ಭಾರ ಬಿದ್ದಮೇಲೆ ಚಾನೆಲ್ ಪಕ್ಕಕ್ಕೆ ವಾಲತೊಡಗುತ್ತದೆ. ಯಾರಾದರೂ ಕೂಗುತ್ತಾರೆ. ಸಹಿ ಹಾಕಿದ ಮಹಾಶಯ ಎದ್ದೆನೋ ಬಿದ್ದೆನೋ ಎಂದು ಹೊರಗೋಡಿ ಬರುತ್ತಾನೆ. ಆಗ ತಾನು ಚೀಲದಿಂದ ನಕಲು ತೆಗೆದು, ಅಪ್ಪನ ಕೈಗೂ ಕೊಡದೆ, ಕಾರ್ಖಾನೆಯ ಮ್ಯಾನೇಜರ ಕೈಗೇ ಕೊಡಬೇಕು. ಈ ಚಿತ್ರವನ್ನು ಅವಳು ಅಡುಗೆ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಗಂಡನ ಅಂಗಿಗೆ ಇಸ್ತ್ರಿ ಹಾಕುವಾಗ ಮತ್ತೆ ಮತ್ತೆ ಚಪ್ಪರಿಸಿದಳು.

ಉಕ್ಕಿನ ಬಗ್ಗೆ ಆ ನಂಬಿಕೆ ಸುಳ್ಳೂ ಅಲ್ಲ. ಆದರೆ ಅದು ಹಿಡಿತವಿರುವ ತೊಲೆಯ ಮಾತು. ಅವಳ ಕೋಪವೆಲ್ಲ ಹಿಡಿತವಿಲ್ಲವೆಂದು. ಅವಳ ಧೈರ್ಯವೆಲ್ಲ ಹಿಡಿತ ಇದೆಯೆಂಬಂತೆ.

ಭಾರ ಹೇರುವ ದಿನ ಬೆಳಿಗ್ಗೆ ಅವಳ ಮನಸ್ಸು ಒಮ್ಮೆ ಅಳುಕಿತು. ಗಂಡ ಬೂಟಿನ ಲೇಸು ಕಟ್ಟುತ್ತಿದ್ದ. ಆ ಚಾನೆಲ್ ಲೆಕ್ಕ ಇನ್ನೊಂದು ಸಲ ನೋಡಿ ಎಂದಳು. ಹೇಳುವಾಗಲೇ ದನಿಯಲ್ಲಿ ಮುಳ್ಳಿತ್ತು, ಸೋತವಳ ಸಣ್ಣತನದಂತೆ ಕೇಳಿಸುವ ಹಾಗೆ ಹೇಳಿದಳು, ಮತ್ತು ಹಾಗೆ ಹೇಳುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಅವನು ತಲೆಯೆತ್ತಿ ನಕ್ಕು, ಇನ್ನೂ ಅದನ್ನೇ ಹಿಡಕೊಂಡಿದ್ದೀಯಾ ಎಂದ. ಅವಳು ಸರಿ ಬಿಡಿ ಎಂದು ಟಿಫನ್ ಡಬ್ಬಿಯ ಮುಚ್ಚಳ ಬಿಗಿ ಮಾಡಿದಳು. ಹೇಳಿಯಾಯಿತು, ಇನ್ನು ತನ್ನ ಮೇಲೆ ಏನೂ ಇಲ್ಲ ಎಂದುಕೊಂಡು ಕೈ ತೊಳೆದುಕೊಂಡಳು.

ಕಾರ್ಖಾನೆಯಲ್ಲಿ ಒಲೆ ಆರಿಸಿ, ಬಾಣಲೆಗಳನ್ನು ಸರಿಸಿ ಜಾಗ ಮಾಡಿದ್ದರು. ನೆಲ ಜಿಡ್ಡು ಜಿಡ್ಡಾಗಿತ್ತು. ಸೇತುವೆಯ ಮೇಲೆ ಖಾಲಿ ಡ್ರಮ್ಮುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಪೈಪಿನಿಂದ ನೀರು ತುಂಬುವ ಏರ್ಪಾಡು. ಡ್ರಮ್ಮಿನ ಮೈಮೇಲೆ ಸುಣ್ಣದ ಗೆರೆ: ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಮೇಲೆ ಯಾರೂ ಇರಬೇಕಿಲ್ಲ. ಕೆಳಗೆ ಒಬ್ಬನೇ, ಸಹಿ ಹಾಕಿದವನು, ಕೈ ಹಿಂದೆ ಕಟ್ಟಿಕೊಂಡು.

ಹೊಸಬರು ಯಾರಾದರೂ ಮೊದಲ ಸಲ ಹೀಗೆ ನಿಂತರೆ ತಾನೂ ಜೊತೆಗೆ ನಿಲ್ಲುತ್ತೇನೆಂದು ಯಜಮಾನರು ಎಷ್ಟೋ ಸಲ ಹೇಳಿದ್ದುಂಟು. ಇವತ್ತು ಮಂಡಿನೋವು ಎಂದರು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಮಗಳು ಅವರ ಪಕ್ಕದಲ್ಲಿ ನಿಂತಳು. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡುವುದೇನಿದೆ, ಇಬ್ಬರಿಗೂ ಒಂದೇ ವಿಷಯ ಗೊತ್ತಿತ್ತು, ಇಬ್ಬರೂ ಅದಕ್ಕೇ ಬಾಗಿಲ ಹತ್ತಿರ ಇದ್ದರು.

ನೀರು ಕಾಲು ಗೆರೆಗೆ ಬಂತು. ಏನೂ ಆಗಲಿಲ್ಲ, ಆಗಲೂಬಾರದು. ಅರ್ಧಕ್ಕೆ ಬಂತು. ಅವಳು ಚಾನೆಲ್ಲಿನ ಮೇಲಂಚಿನ ಮೇಲೆ ಕಣ್ಣು ನೆಟ್ಟಳು. ದಾರ ಹಿಡಿದಂತೆ ನೆಟ್ಟಗಿತ್ತು. ಅಳಿಯ ಕೆಳಗಿನಿಂದ ಮ್ಯಾನೇಜರಿಗೆ ಏನೋ ತಮಾಷೆ ಹೇಳಿದ, ಮ್ಯಾನೇಜರ್ ನಕ್ಕರು. ಯಜಮಾನರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಒರಗಿದರು.

ಮುಕ್ಕಾಲು. ಆಗಲೂ ತೊಲೆ ಕದಲಲಿಲ್ಲ. ಗಂಡ ಅವಳತ್ತ ತಿರುಗಿ ಹುಬ್ಬು ಹಾರಿಸಿದ, ನೋಡಿದೆಯಾ ಎನ್ನುವ ಹಾಗೆ. ಆ ಕ್ಷಣ ಅವಳಿಗೆ ಸಮಾಧಾನ ಆಗಬೇಕಿತ್ತು. ಮನೆಯವನು ಕ್ಷೇಮವಾಗಿದ್ದಾನೆ, ತನ್ನ ಲೆಕ್ಕ ಹೋದರೆ ಹೋಯಿತು ಎಂದು. ಅವಳಿಗೆ ಆದದ್ದು ಸಂಕಟ. ಹಾಗಾದರೆ ಅಪ್ಪ ಹೇಳಿದ್ದೇ ಸರಿಯೇ, ಬರೀ ಕೂತ ಪ್ಲೇಟೇ ಹಿಡಿದುಕೊಂಡಿತೇ, ಇನ್ನು ಸಾಯುವ ತನಕ ಟೀ ಹೊತ್ತಿಗೆ ಈ ಪ್ಲೇಟಿನ ಮಾತೇ. ವಾಲು, ಒಂದು ಬೆರಳಷ್ಟಾದರೂ ವಾಲು ಎಂದು ಅವಳು ಮನಸ್ಸಿನಲ್ಲೇ ತೊಲೆಯನ್ನು ಬೇಡಿಕೊಂಡಳು.

ನೀರು ಇನ್ನೇನು ಪೂರ್ತಿಯ ಗೆರೆ ಮುಟ್ಟಬೇಕು, ಅಷ್ಟರಲ್ಲಿ ಚಾನೆಲ್ ಮಗ್ಗುಲಾಯಿತು. ಮೊದಲು ಬಾಗಲಿಲ್ಲ, ನರಳಲಿಲ್ಲ, ಪುರುಸೊತ್ತು ಕೊಡಲಿಲ್ಲ. ನೆಟ್ಟಗಿದ್ದದ್ದು ಮರುಕ್ಷಣ ಮಗುಚಿಕೊಂಡಿತ್ತು, ಸಡಿಲ ಪ್ಲೇಟುಗಳೆಲ್ಲ ಜಾರಿದವು, ಅವುಗಳ ಹಿಂದೆ ತುಂಬಿದ ಡ್ರಮ್ಮುಗಳು. ಅವನ ಹುಬ್ಬು ಇನ್ನೂ ಮೇಲೆಯೇ ಇತ್ತು. ಆಮೇಲೆ ಕಾರ್ಖಾನೆಯ ತುಂಬ ನೀರು ಹರಿಯಿತು, ಜಿಡ್ಡಿನ ಜೊತೆ ಸೇರಿ ನೊರೆಯಾಯಿತು, ಮತ್ತು ಅವನನ್ನು ಎಳೆಯಲು ಓಡಿದವರೆಲ್ಲ ಆ ನೊರೆಯಲ್ಲಿ ಜಾರಿ ಬಿದ್ದರು. ಅವಳ ಚೀಲದಲ್ಲಿದ್ದ ನಕಲು ಚೀಲದಲ್ಲೇ ಉಳಿಯಿತು.

ಜೀವ ಉಳಿಯಿತು. ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ. ಬೆನ್ನುಮೂಳೆ ನೋಡಿದ ಡಾಕ್ಟರು, ಇನ್ನು ಕಾಲು ತನ್ನದೆಂದೇ ಅವರಿಗೆ ಅನ್ನಿಸಲಾರದು ಎಂದು ನಯವಾಗಿ ಹೇಳಿದರು.

ಮಾತಾಡುವಷ್ಟು ಚೇತರಿಸಿಕೊಂಡ ದಿನ ಮಂಚದ ಸುತ್ತ ಮೂವರಿದ್ದರು: ತಲೆಯ ಹತ್ತಿರ ಅತ್ತೆ, ಕಾಲಿನ ಹತ್ತಿರ ಯಜಮಾನರು, ಕಿಟಕಿಗೆ ಒರಗಿ ಅವಳು. ಅತ್ತೆ ಅತ್ತೂ ಅತ್ತೂ ದನಿ ಕಳೆದುಕೊಂಡಿದ್ದರು. ಸೊಸೆಯ ಕಡೆ ತಿರುಗಿ ಕೇಳಿದರು.

“ನಿಮ್ಮಪ್ಪ ಅಷ್ಟು ದೊಡ್ಡ ಇಂಜಿನಿಯರು, ನೀನೂ ಓದಿದವಳು. ಇಬ್ರಲ್ಲಿ ಒಬ್ರಿಗಾದ್ರೂ ಗೊತ್ತಾಗ್ಲಿಲ್ವೇನಮ್ಮ?”

ಗೊತ್ತಿತ್ತು ಎಂದರೂ ಕೆಟ್ಟಳು, ಗೊತ್ತಿರಲಿಲ್ಲ ಎಂದರೂ ಕೆಟ್ಟಳು. ಮಂಚದ ಮೇಲಿನಿಂದ ಗಂಡನೇ ಮಾತಾಡಿದ.

“ಅವಳು ಹೇಳಿದ್ಲು ಅಮ್ಮ. ಬೆಳಿಗ್ಗೆ ಹೊರಡೋ ಮುಂಚೆ ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ.”

ಅತ್ತೆ ಎದ್ದು ಬಂದು ಸೊಸೆಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ನಿನ್ನಂಥವಳ ಮಾತು ಕೇಳದೆ ಹೋದನಲ್ಲಮ್ಮ ಎಂದು ಅತ್ತರು. ಆ ಕಣ್ಣೀರು ಬೆರಳ ಸಂದಿಯಲ್ಲಿ ಬೆಚ್ಚಗೆ ಇಳಿಯುತ್ತಿದ್ದರೆ ಅವಳಿಗೆ ಕೈ ಕಿತ್ತುಕೊಂಡು ಓಡಿಹೋಗಬೇಕೆನ್ನಿಸಿತು. ತಾನು ಹೇಳಿದ್ದು ಅವನು ಕೇಳಬಾರದೆಂದೇ ಎಂದು ಕಿರುಚಿಬಿಡಬೇಕೆನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದೂ ಇತ್ತು.

ಅಷ್ಟರಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡರು.

“ನಾನೂ ಹೇಳಿದ್ದೆ,” ಎಂದರು. “ಪ್ಲೇಟು ಸಡಿಲ ಇದೆ, ಸ್ವಲ್ಪ ಈಚೆ ನಿಂತ್ಕೊಳ್ಳಿ ಅಂತ. ಅಲ್ವಾ ಪುಟ್ಟಿ?”

ಅವರು ಮಗಳನ್ನು ನೇರವಾಗಿ ನೋಡಿದರು. ಆ ನೋಟದಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ನಿನಗೆ ಅಂದೇ ಗೊತ್ತಿತ್ತು, ನಿನಗೆ ಗೊತ್ತಿತ್ತು ಎಂಬುದು ನನಗೂ ಗೊತ್ತು, ಅಷ್ಟೇ ಇತ್ತು. ತನ್ನ ಮಗಳು ಅಷ್ಟು ದಿನ ಏಕೆ ಬಾಯಿಗೆ ಬೀಗ ಹಾಕಿಕೊಂಡಿದ್ದಳು ಎಂಬ ಲೆಕ್ಕವನ್ನು ಅವರು ಸಲೀಸಾಗಿ ಬಿಡಿಸಿದ್ದರು.

“ಹೂಂ,” ಎಂದಳು ಅವಳು. “ಅಪ್ಪನೂ ಹೇಳಿದ್ರು.”

ಗಂಡ ಹುಬ್ಬು ಗಂಟಿಕ್ಕಿ ಆ ಬೆಳಗನ್ನು ನೆನಪಿಸಿಕೊಳ್ಳಲು ಹೆಣಗುವುದನ್ನು ಅವಳು ನಿಂತು ನೋಡಿದಳು. ಡ್ರಮ್ಮು, ನೀರು, ಮ್ಯಾನೇಜರ ನಗು, ಎಲ್ಲ ಅವನಿಗೆ ಸಿಕ್ಕಿರಬೇಕು. ಮಾವನ ಮಾತು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅವನು ಹೆಂಡತಿಯ ಮುಖ ನೋಡಿದ, ಅವಳು ಹೌದೆನ್ನುವಂತೆ ತಲೆಯಾಡಿಸಿದಳು, ಅವನು ನಂಬಿದ.

“ಕ್ಷಮಿಸಿ ಮಾವ,” ಎಂದ. “ನೀವು ಹೇಳಿದ್ದು ನೆನಪೇ ಆಗ್ತಿಲ್ಲ. ತಪ್ಪು ನಂದೇ.”

ಯಜಮಾನರು ದೊಡ್ಡ ಮನಸ್ಸು ಮಾಡಿ, ಇರಲಿ ಬಿಡಿ ಅಳಿಯಂದಿರೇ ಎಂದರು. ಜಾರಿದ್ದ ಹೊದಿಕೆಯನ್ನು ಎಳೆದು ಅವನ ಪಾದ ಮುಚ್ಚಿ, ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು. ಅವನಿಗೆ ಅದು ಗೊತ್ತಾಗಲಿಲ್ಲ.